ಕೈ ತೊಳೆಯದ ಕೋಣೆ

ಕಾರ್ಖಾನೆಯವರು ನೆರಿನಾಳಿಗೆ ಇನ್ನೂ ಒಂದು ಲಾರಿ ಮಣ್ಣು ಕೊಡಬೇಕು. ಹಿತ್ತಿಲಿನ ಹಳೆಯ ಮಣ್ಣನ್ನು ಮೊಣಕಾಲಾಳ ಅಗೆದು, ವಿಷವಿದೆ ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದವರು ಅವರೇ. ಒಳ್ಳೆಯ ಮಣ್ಣು ಮುಂದಿನ ವಾರ ಬರುತ್ತದೆ ಎಂದು ಹೇಳಿ ಹೋದವರೂ ಅವರೇ. ಆ ಮುಂದಿನ ವಾರ ಪೋರ್ಟ್ ಹ್ಯಾಲಮ್ ಊರಿಗೆ ಈವತ್ತಿಗೂ ಬಂದಿಲ್ಲ. ಹಿತ್ತಿಲಲ್ಲಿ ಈಗಿರುವುದು ಒಂದು ಗುಂಡಿ, ಗುಂಡಿಯ ಮೇಲೆ ಕರಿ ಹಾಳೆ, ಹಾಳೆಯ ಮೇಲೆ ದೂಳು.

ದೂಳು ಅಂದರೆ ಸೀಸದ ದೂಳು. ಪೋರ್ಟ್ ಹ್ಯಾಲಮ್‌ನವರು ಬೆಳಗ್ಗೆ ಎದ್ದು ಮೊದಲು ನೋಡುವುದು ಗಡಿಯಾರವನ್ನಲ್ಲ, ಸೀಸ ಕರಗಿಸುವ ಕಾರ್ಖಾನೆಯ ಚಿಮಣಿಯನ್ನು. ಹೊಗೆ ಕೊಲ್ಲಿಯ ಕಡೆ ಬಾಗಿದ್ದರೆ ಹೊರಗೆ ಬಟ್ಟೆ ಹರವುತ್ತಾರೆ. ಊರ ಕಡೆ ಬಾಗಿದ್ದರೆ ಕಿಟಕಿ ಜಡಿದು, ಮಕ್ಕಳನ್ನು ಒಳಗೆ ಕೂಡಿಹಾಕಿ, ಒದ್ದೆ ಬಟ್ಟೆ ಹಿಡಿದು ನೆಲಕ್ಕೆ ಬೀಳುತ್ತಾರೆ. ಇಲ್ಲಿ ಮಕ್ಕಳಿಗೆ ಮಾತು ಬರುವ ಮೊದಲು ಕೈ ತೊಳೆಯುವುದು ಬರುತ್ತದೆ. ಹೊರಗಿಂದ ಬಂದರೆ ಕೈ, ಆಟದ ಸಾಮಾನು ಮುಟ್ಟಿದರೆ ಕೈ, ನಾಯಿ ಮುಟ್ಟಿದರೆ ಕೈ, ಬಾಯಿಗೆ ಏನನ್ನಾದರೂ ಇಡುವ ಮುಂಚೆ ಮತ್ತೆ ಕೈ. ಹೆಂಗಸರು ಅಂಗಡಿಯಲ್ಲಿ ಎದುರಾದರೆ ಮಗು ಹೇಗಿದೆ ಎಂದು ಕೇಳುವುದಿಲ್ಲ. "ಎಷ್ಟು ಬಂತು?" ಎನ್ನುತ್ತಾರೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಸೀಸ ಎಷ್ಟು ಬಂತು ಎಂದು ಅರ್ಥ. ಐದರೊಳಗೆ ಬಂದರೆ ತಾಯಂದಿರು ದೊಡ್ಡ ದನಿಯಲ್ಲಿ ಹೇಳುತ್ತಾರೆ. ಮೇಲೆ ಬಂದರೆ ಬ್ರೆಡ್ಡು ಆರಿಸುವ ನೆಪದಲ್ಲಿ ಮುಖ ತಿರುಗಿಸುತ್ತಾರೆ.

ಮೊಮ್ಮಗಳು ಟಿಲ್ಲಿಗೆ ಎರಡು ವರ್ಷ ತುಂಬಿದ ಮೇಲಿನ ಪರೀಕ್ಷೆಯಲ್ಲಿ ಹನ್ನೊಂದು ಬಂತು. ಆವತ್ತಿನಿಂದ ನೆರಿನಾ ಬ್ರೆಡ್ಡು ಆರಿಸುವವಳಾದಳು.

ನೆರಿನಾ ಶಾಲೆಯೊಂದರಲ್ಲಿ ನೆಲ ಒರೆಸುತ್ತಾಳೆ. ಅಜ್ಜ ಇಟಲಿಯಿಂದ ದೋಣಿಯ ಕಸುಬು ಹೊತ್ತು ತಂದವನು. ಅಪ್ಪ ದೋಣಿ ಬಿಟ್ಟು ಕಾರ್ಖಾನೆ ಸೇರಿದ. ಗಂಡ ಕೋಸಿಮೊ ಅದೇ ಕಾರ್ಖಾನೆಯ ಕುಲುಮೆಯ ಮುಂದೆ ಬೆಂದು ನಿವೃತ್ತನಾದ. ಮಗಳು ರೆನಾಟಾ ದೂರದ ಮರುಭೂಮಿಯ ಗಣಿಯಲ್ಲಿ ಲಾರಿ ಓಡಿಸುತ್ತಾಳೆ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಮಗುವಿನ ಅಪ್ಪನ ಸುದ್ದಿ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹಾಗಾಗಿ ಟಿಲ್ಲಿ ಬೆಳೆಯುತ್ತಿರುವುದು ಅಜ್ಜಿಯ ಸೊಂಟದ ಮೇಲೆ. ಅಜ್ಜಿಯನ್ನು ಅವಳು ಕರೆಯುವುದು ನೊನ್ನಾ ಎಂದು.

ಕ್ಲಿನಿಕ್ಕಿನ ನರ್ಸ್ ಬ್ರಾನ್ವಿನ್, ನೆರಿನಾ ಒರೆಸಿದ ನೆಲದ ಮೇಲೇ ಓದಿ ದೊಡ್ಡವಳಾದ ಹುಡುಗಿ. ಟಿಲ್ಲಿಯ ಬೆರಳಿಗೆ ಬಣ್ಣದ ಪಟ್ಟಿ ಅಂಟಿಸುತ್ತ ಹೇಳಿದಳು:

"ಗಾಬರಿ ಆಗ್ಬೇಡಿ ನೆರಿನಾ. ಮೈಯಲ್ಲಿ ಕಬ್ಬಿಣದಂಶ ಚೆನ್ನಾಗಿದ್ರೆ ಸೀಸ ಅಷ್ಟು ಸುಲಭವಾಗಿ ಒಳಗೆ ಇಳಿಯಲ್ಲ. ದಿನಾ ಸೊಪ್ಪು ತಿನ್ಸಿ. ಹಿತ್ತಿಲ ಸೊಪ್ಪು ಮಾತ್ರ ಬೇಡ."

"ಹಿತ್ತಿಲೇ ಇಲ್ವಲ್ಲಮ್ಮ. ಗುಂಡಿ ಇದೆ."

"ಅಂಗಡೀದು ತಿನ್ಸಿ."

ಅಂಗಡಿಯ ಸೊಪ್ಪು ಅಡಿಲೇಡಿನಿಂದ ಲಾರಿಯಲ್ಲಿ ಬಂದು ಇಳಿಯುವ ಹೊತ್ತಿಗೆ ನೆಲ ಒರೆಸುವ ಬಟ್ಟೆಯಂತಾಗಿರುತ್ತದೆ. ಟಿಲ್ಲಿ ಅದನ್ನು ಬಾಯಿಗೆ ಹಾಕಿಕೊಂಡು, ಎರಡು ಸಲ ಜಗಿದು, ಅಜ್ಜಿಯ ಅಂಗೈ ಮೇಲೇ ಉಗಿದಳು.

ಆಮೇಲಿನ ದಿನಗಳಲ್ಲಿ ನೆರಿನಾಳಿಗೆ ಮಗುವಿನ ಪ್ರತಿಯೊಂದು ನಡೆಯೂ ಭಯವಾಯಿತು. ಮಗು ನೆಲಕ್ಕೆ ಬಿದ್ದು ಹೊರಳಿ ಹಟ ಮಾಡಿದರೆ ಇದು ಎರಡು ವರ್ಷದ ಹಟವೋ ಸೀಸದ ಹಟವೋ? ನಿನ್ನೆ ಹೇಳಿದ ಮಾತನ್ನು ಈವತ್ತು ಹೇಳದಿದ್ದರೆ ಮರೆತಳೋ, ಮನಸ್ಸಿಲ್ಲವೋ? ಈ ಊರಲ್ಲಿ ಓದು ಹತ್ತದ ಮಕ್ಕಳನ್ನು ಅವಳು ಶಾಲೆಯಲ್ಲಿ ದಿನಾ ನೋಡಿದವಳು. ಮೇಷ್ಟ್ರು ಅವರನ್ನು ತುಂಟರು ಎನ್ನುತ್ತಿದ್ದರು. ಅವಳು ಅವರ ಬೆಂಚಿನ ಕೆಳಗೆ ಒರೆಸುತ್ತ ಬೇರೇನೋ ಅಂದುಕೊಳ್ಳುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಅದೇ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಅವಳು ಆ ತೊಟ್ಟಿಯನ್ನು ಕಂಡದ್ದು. ಕೆಳಗೆ ಮೀನು, ಮೇಲೆ ಹರಳು ತುಂಬಿದ ತಟ್ಟೆಯಲ್ಲಿ ಸೊಪ್ಪು. ಮೀನಿನ ಹೇಲುಚ್ಚೆ ಬೆರೆತ ನೀರನ್ನು ಪಂಪು ಮೇಲಕ್ಕೆ ಎತ್ತುತ್ತದೆ. ಹರಳಿಗೆ ಅಂಟಿಕೊಂಡ, ಕಣ್ಣಿಗೆ ಕಾಣದ ಜೀವಿಗಳು ಅದನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಗಿಡ ಉಂಡು ಬಿಟ್ಟ ನೀರು ತಿಳಿಯಾಗಿ ಮತ್ತೆ ಮೀನಿಗೆ. ಒಂದು ಹಿಡಿ ಮಣ್ಣು ಬೇಡ. ನೆರಿನಾ ಒರೆಸುವ ಕೋಲನ್ನು ಗೋಡೆಗೆ ಆನಿಸಿ ಬಹಳ ಹೊತ್ತು ನಿಂತಳು.

ಮನೆಯಲ್ಲಿ ಹೇಳಿದಾಗ ಕೋಸಿಮೊ ನಕ್ಕ.

"ಸಮುದ್ರ ಕೂಗಿದ್ರೆ ಕೇಳ್ಸೋಷ್ಟು ದೂರದಲ್ಲಿದೆ. ನೀನು ಮನೆಯೊಳಗೆ ಮೀನು ಸಾಕ್ತೀಯ."

"ನಿನ್ನ ಸಮುದ್ರದ ಏಡಿ ತಿನ್ಬೇಡಿ ಅಂತ ಬೋರ್ಡು ಹಾಕಿದಾರೆ. ಓದಿದೀಯಾ?"

"ನಾನು ಓದಿದೀನಿ. ಏಡಿಗಳು ಓದಿಲ್ಲ, ಅದಕ್ಕೇ ಇನ್ನೂ ಬರ್ತಾ ಇವೆ."

"ಹಲ್ಲು ಕಿರಿಯೋದು ಬಿಟ್ಟು ಗರಗಸ ತಗೊಂಡು ಬಾ."

ರೆನಾಟಾ ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿದರು. ಕಿಟಕಿಯ ಸಂದಿಗಳಿಗೆಲ್ಲ ಟೇಪು ಬಡಿದರು. ಬಾಗಿಲ ಕೆಳಗೆ ಒದ್ದೆ ಟವೆಲ್ಲು. ಗೋಡೆ, ಸೂರು, ಸ್ವಿಚ್ಚು, ಬಲ್ಬು, ಎಲ್ಲವನ್ನೂ ನೆರಿನಾ ಮೂರು ನೀರಿನಲ್ಲಿ ಒರೆಸಿದಳು. ದನಗಳಿಗೆ ನೀರಿಡುವ ಪ್ಲಾಸ್ಟಿಕ್ ತೊಟ್ಟಿ ಕೆಳಗೆ ಬಂತು. ಆಲಿವ್ ಕಾಯಿ ಉಪ್ಪು ಹಾಕಿಡುತ್ತಿದ್ದ ನೀಲಿ ಪೀಪಾಯಿಯನ್ನು ಕೋಸಿಮೊ ಉದ್ದಕ್ಕೆ ಸೀಳಿ, ಮರದ ಚೌಕಟ್ಟಿನ ಮೇಲೆ ಕೂರಿಸಿ, ಸುಟ್ಟ ಜೇಡಿಮಣ್ಣಿನ ಉಂಡೆ ತುಂಬಿದ. ಪೀಪಾಯಿಯ ನಡುವೆ ಒಂದು ಕೊಳವೆ, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ಕೊಳವೆ. ನೀರು ಅಂಚಿನವರೆಗೆ ಏರುತ್ತದೆ, ಏರಿದ್ದೇ ಗಳಗಳ ಎಂದು ಒಂದೇ ಗುಟುಕಿಗೆ ಕೆಳಗಿಳಿಯುತ್ತದೆ. ಬೇರಿಗೆ ಆಗ ಗಾಳಿ ಸಿಗುತ್ತದೆ. ಸೀಸ ಕರಗಿಸಿದ ಕೈ ಅಲ್ಲವೇ, ಆ ಅಳತೆ ಕೋಸಿಮೊನಿಗೆ ಎರಡನೇ ಸಲಕ್ಕೇ ಕೂತಿತು.

ನಲ್ಲಿ ನೀರು ತುಂಬಿ, ಎರಡು ದಿನ ಹಾಗೇ ಬಿಟ್ಟು, ಗೋಲ್ಡ್‌ಫಿಶ್ ಬಿಟ್ಟರು. ಮಾರನೇ ಬೆಳಗ್ಗೆ ಅಷ್ಟೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಟಿಲ್ಲಿ ಏಳುವ ಮೊದಲೇ ನೆರಿನಾ ಅವನ್ನು ಜರಡಿಯಲ್ಲಿ ಗೋರಿ ತೆಗೆದಳು. ಮೀನನ್ನು ಕೊಂದ ನೀರನ್ನೇ ಮಗು ಕುಡಿಯುತ್ತಿರುವುದು.

ಮೀನಿನ ಮರಿ ಮಾರುವವನು ಅಡಿಲೇಡಿನ ಆಚೆ ಗುಡ್ಡದ ಮೇಲೆ ಇರುವವನು. ಫೋನಿನಲ್ಲಿ ಅವನು ನಿಧಾನವಾಗಿ ಹೇಳಿದ:

"ನಿಮ್ಮ ಕಡೆ ನೀರು ದೂರದಿಂದ ಪೈಪಲ್ಲಿ ಬರುತ್ತಲ್ಲ ತಾಯಿ, ಕೆಡಬಾರದು ಅಂತ ಅದಕ್ಕೆ ಕ್ಲೋರಮೀನ್ ಅಂತ ಮದ್ದು ಹಾಕಿರ್ತಾರೆ. ಮನುಷ್ಯರಿಗೆ ಏನೂ ಆಗಲ್ಲ. ಮೀನು ಉಳಿಯಲ್ಲ. ಬಿಟ್ಟಿಟ್ರೂ ಹೋಗಲ್ಲ ಅದು. ಮಳೆ ನೀರಿನ ಟ್ಯಾಂಕ್ ಇದೆಯಾ?"

"ಇಲ್ದೆ ಇರುತ್ತಾ?"

"ಮತ್ತೇನು ಯೋಚ್ನೆ. ಅದನ್ನ ಹಾಕಿ. ಮೀನಿಗೆ ಅದಕ್ಕಿಂತ ಒಳ್ಳೇ ನೀರಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಅವನ ಊರಿನಲ್ಲಿ ಮಳೆ ಅಂದರೆ ಬರೀ ಮಳೆ.

ಈ ರಾಜ್ಯದಲ್ಲಿ ಮಳೆ ನೀರಿನ ಟ್ಯಾಂಕಿಲ್ಲದ ಮನೆಯನ್ನು ಮನೆ ಅನ್ನುವುದಿಲ್ಲ. ಪೋರ್ಟ್ ಹ್ಯಾಲಮ್‌ನಲ್ಲೂ ಎಲ್ಲರ ಗೋಡೆಗೊಂದು ಟ್ಯಾಂಕ್ ಆತುಕೊಂಡಿದೆ. ಆದರೆ ಆ ನೀರನ್ನು ಕುಡಿಯಬಾರದು, ಅದರಲ್ಲಿ ಅಡುಗೆ ಮಾಡಬಾರದು ಎಂದು ಮಗ್ಗಿಯ ಹಾಗೆ ಎಲ್ಲರಿಗೂ ಬಾಯಿಪಾಠ. ನೆರಿನಾಳೂ ಆ ಪಾಠವನ್ನು ಒಂದು ದಿನ ತಪ್ಪಿದವಳಲ್ಲ. ಕುಡಿಯಲಿಲ್ಲ. ಕುದಿಸಲಿಲ್ಲ. ಮೀನಿಗೆ ಹಾಕಿದಳು. ಮೀನು ಮಗುವಲ್ಲವಲ್ಲ. ಕೋಸಿಮೊ ಗೋಡೆ ಕೊರೆದು ಟ್ಯಾಂಕಿನಿಂದ ತೊಟ್ಟಿಗೆ ನೇರ ಪೈಪು ಎಳೆದು, ನಲ್ಲಿ ಕೂರಿಸಿ, ಸಂದಿಗೆ ಅಂಟು ಬಳಿದ. ದೂಳು ಬರಬಾರದು ಎಂದು ಬಳಿದ.

ಬೆಳ್ಳಿ ಪರ್ಚ್ ಮೀನಿನ ಮರಿಗಳು ಬಂದವು, ಬದುಕಿದವು, ಬೆರಳುದ್ದ ಆದವು. ಗಿಡ ಬೆಳೆಸುವ ನೇರಳೆ ದೀಪದ ಕೆಳಗೆ ಸಿಲ್ವರ್‌ಬೀಟ್ ಸೊಪ್ಪು ಅಂಗೈ ಅಗಲ ಬಿಚ್ಚಿಕೊಂಡಿತು. ಟಿಲ್ಲಿ ಅದನ್ನು ತಾನೇ ಕಿತ್ತಳು, ತಾನೇ ಕಿತ್ತದ್ದಕ್ಕೆ ತಿಂದಳು. ನೆರಿನಾ ಬೆಳ್ಳುಳ್ಳಿ ಒಗ್ಗರಿಸಿ ಮೊಟ್ಟೆ ಒಡೆದು ಹಾಕಿ ಕೊಟ್ಟರೆ ಮಗು ತಟ್ಟೆ ನೆಕ್ಕಿತು.

ಆ ಕೋಣೆ ಊರಲ್ಲೇ ಶುದ್ಧವಾದ ಜಾಗ ಎಂದು ನೆರಿನಾ ನಂಬಿದಳು. ನಂಬಿದ್ದರಿಂದ ಭಯ ಒಂದಿಷ್ಟು ಸಡಿಲವಾಯಿತು. ಹುಟ್ಟಿದಾಗಿನಿಂದ ಕೈ ತೊಳೆ, ಕೈ ತೊಳೆ ಎನ್ನಿಸಿಕೊಂಡ ಕೂಸಿಗೆ ಒಂದು ಕಡೆಯಾದರೂ ಕೂಸಾಗಿರಲು ಬಿಡೋಣ ಎನ್ನಿಸಿತು. ಟಿಲ್ಲಿ ಮೊಣಕೈವರೆಗೆ ತೊಟ್ಟಿಯಲ್ಲಿ ಅದ್ದಿ ಮೀನಿನ ಬೆನ್ನು ಸವರುತ್ತಿದ್ದಳು. ಮೀನು ಬೆರಳು ಚೀಪಿದರೆ ಕಿಲಕಿಲ ನಕ್ಕು ಅದೇ ಬೆರಳನ್ನು ತಾನು ಚೀಪುತ್ತಿದ್ದಳು. ಗಾಳಿ ಊರ ಕಡೆ ತಿರುಗಿದ ದಿನಗಳಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ.

"ನೊನ್ನಾ, ಕೈ?" ಎಂದು ಮೊದಮೊದಲು ಅವಳೇ ಕೇಳುತ್ತಿದ್ದಳು, ಎರಡೂ ಅಂಗೈ ಎತ್ತಿ ಹಿಡಿದು.

"ಇಲ್ಲಿ ಬೇಡ ಬಂಗಾರ," ಎನ್ನುತ್ತಿದ್ದಳು ನೆರಿನಾ. "ಇಲ್ಲಿ ಎಲ್ಲಾ ಚೊಕ್ಕಟ."

ಮುಂದಿನ ಪರೀಕ್ಷೆಗೆ ಅವಳು ಹಬ್ಬಕ್ಕೆ ಹೋಗುವವಳ ಹಾಗೆ ಹೋದಳು. ಬ್ರಾನ್ವಿನ್ ಯಂತ್ರ ನೋಡಿದಳು. ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದಳು.

"ಎಷ್ಟು?"

"ಕೂತ್ಕೊಳ್ಳಿ ನೆರಿನಾ."

"ನಿಂತೇ ಕೇಳ್ತೀನಿ. ಎಷ್ಟು?"

"ಹತ್ತೊಂಬತ್ತು."

ಮನೆಗೆ ಬಂದದ್ದು ಹೇಗೆಂದು ಅವಳಿಗೆ ನೆನಪಿಲ್ಲ. ಬಾಗಿಲಲ್ಲೇ ಗಂಡನನ್ನು ಹಿಡಿದಳು.

"ಶೆಡ್ಡಲ್ಲಿ ಏನು ಮಾಡ್ತೀಯ ನೀನು?"

"ಗಾಳಕ್ಕೆ ಗುಂಡು ಎರೀತೀನಿ. ಗೊತ್ತಿಲ್ವಾ?"

"ಸೀಸದ ಗುಂಡು."

"ಮತ್ತೇನು, ಬೆಣ್ಣೆ ಗುಂಡಾ? ಶೆಡ್ಡಿಂದ ಬಂದು ಮೈ ತೊಳ್ಕೊಂಡೇ ಒಳಗೆ ಕಾಲಿಡ್ತೀನಿ. ಆಯಸ್ಸೆಲ್ಲ ಹಾಗೇ ಬದುಕಿದ್ದು."

"ಆಯಸ್ಸೆಲ್ಲ ಅದನ್ನ ಮೈಗೆ ಮೆತ್ಕೊಂಡೇ ಬದುಕಿದ್ದು ನೀನು. ಈಗ ಕೂಸಿಗೂ ಮೆತ್ತಿದೆ."

ಕೋಸಿಮೊ ಶೆಡ್ಡಿಗೆ ಹೋಗಿ ಎರಕದ ಅಚ್ಚು, ಗುಂಡು, ಸೌಟು, ಎಲ್ಲವನ್ನೂ ಚೀಲಕ್ಕೆ ತುಂಬಿ ಊರಾಚೆ ಎಸೆದು ಬಂದ. ನೆರಿನಾ ಕೆಲಸಕ್ಕೆ ರಜೆ ಹಾಕಿದಳು. ಪರದೆ ಸುಟ್ಟಳು. ಬೆಕ್ಕನ್ನು ತಂಗಿಯ ಮನೆಗೆ ಸಾಗಿಸಿದಳು. ಮಗುವಿನ ತಲೆ ಬೋಳಿಸಿದಳು, ಕೂದಲಲ್ಲಿ ಕೂತಿರಬಹುದು ಎಂದು. ಇಷ್ಟೆಲ್ಲ ಮಾಡುವಾಗ ಮಗು ಅಡ್ಡ ಬರಬಾರದಲ್ಲ, ಅದಕ್ಕೆ ಆ ಒಂದು ಚೊಕ್ಕಟ ಕೋಣೆಯಲ್ಲಿ ಮೀನಿನ ಹತ್ತಿರ ಬಿಟ್ಟಳು.

ಒಂದು ಮಧ್ಯಾಹ್ನ ಗಳಗಳ ಸದ್ದು ನಿಂತಿತು. ಪೀಪಾಯಿ ತುಂಬಿ ಅಂಚಿನಿಂದ ನೀರು ಸೋರತೊಡಗಿತು. ಕೊಳವೆ ಕಟ್ಟಿಕೊಂಡಿತ್ತು. ಕೋಸಿಮೊ ಅದನ್ನು ಬಿಚ್ಚಿ ತಳಕ್ಕೆ ಬೆರಳು ಹಾಕಿ ಒಂದಿಷ್ಟು ಕೆಸರು ಎತ್ತಿದ. ಮೀನಿನ ಕಸ ಕಂದು ಬಣ್ಣಕ್ಕಿರುತ್ತದೆ, ಹಗುರವಾಗಿ ತೇಲುತ್ತದೆ. ಇದು ಬೂದು ಬಣ್ಣಕ್ಕಿತ್ತು. ಹೆಬ್ಬೆರಳಿನಲ್ಲಿ ಉಜ್ಜಿದರೆ ಪೆನ್ಸಿಲ್ಲಿನ ಗೆರೆಯಂತೆ ಹೊಳೆಯಿತು. ಅವನು ಅದನ್ನು ಮೂಸಲಿಲ್ಲ, ಯಾರನ್ನೂ ಕೇಳಲಿಲ್ಲ. ಕುಲುಮೆಯ ಕಟ್ಟೆಯ ಮೇಲೆ ಊಟದ ಡಬ್ಬಿ ಇಟ್ಟು ತೆಗೆದಾಗ ಅದರ ತಳಕ್ಕೆ ಹತ್ತುತ್ತಿದ್ದುದು ಅದೇ.

"ನೆರಿನಾ," ಎಂದ. "ಮಗೂನ ಎತ್ಕೋ."

"ಯಾಕೆ?"

"ಮೊದ್ಲು ಎತ್ಕೋ. ಕೈ ಬಾಯಿಗೆ ಹೋಗದ ಹಾಗೆ ಹಿಡ್ಕೋ."

ಅವಳು ಎತ್ತಿಕೊಂಡಳು. ಕೋಸಿಮೊ ಗೋಡೆಯಲ್ಲಿ ತಾನೇ ಕೊರೆದ ತೂತನ್ನು ನೋಡುತ್ತ ನಿಂತಿದ್ದ.

"ಆ ಸೂರಿನ ಮೇಲೆ ಕೂತಿದ್ದೆಲ್ಲ ಮಳೇಲಿ ತೊಳ್ಕೊಂಡು ಟ್ಯಾಂಕಿಗೆ. ಟ್ಯಾಂಕಿಂದ ಇಲ್ಲಿಗೆ. ವಾರ ವಾರ ನೀರು ಇಂಗಿದ ಹಾಗೆ ನಾವು ಮತ್ತೆ ತುಂಬ್ಸಿದ್ವಿ. ನೀರು ಹೋಯ್ತು, ಇದು ಉಳೀತು. ಉಳೀತಾನೇ ಇತ್ತು. ಪೈಪು ಎಳ್ದಿದ್ದು ನಾನೇ ಅಲ್ವಾ."

ನೆರಿನಾ ಮಗುವಿನ ಒದ್ದೆ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಿದ್ದಳು. ಮಗು ನೋವಿಗೆ ಅಳುತ್ತಿತ್ತು. ಬಿಡಲಿಲ್ಲ. ಮನೆಯ ಪ್ರತಿಯೊಂದು ಸಂದಿಗೂ ಟೇಪು ಬಡಿದು, ಬಡಿದ ಮೇಲೆ ಕೊಳವೆ ಹಾಕಿ ವಿಷವನ್ನು ಒಳಗೆ ಕರೆಸಿಕೊಂಡು, ಅದರ ಮುಂದೆ ಕೂಸನ್ನು ಕೂರಿಸಿ, ಇಲ್ಲಿ ಕೈ ತೊಳೆಯಬೇಡ ಎಂದು ಹೇಳಿದವಳು ತಾನು.

ರೆನಾಟಾ ಗಣಿಯಿಂದ ಬಂದ ದಿನ ಸಾಮಾನು ಇಳಿಸುವ ಮೊದಲೇ ನೆರಿನಾ ಹೇಳಿಬಿಟ್ಟಳು. ಬಾಗಿಲಲ್ಲೇ, ನಿಂತ ಕಾಲಲ್ಲೇ. ಮಗಳು ಬೈಯಲಿ ಎಂದು ನೆರಿನಾ ಕಾಯುತ್ತಿದ್ದಳು. ಬೈಗುಳವಾದರೆ ಎಷ್ಟೋ ವಾಸಿ.

"ಎಷ್ಟು ದಿನದಿಂದ ಅಮ್ಮ?"

"ಸೊಪ್ಪು ಬಂದಾಗ್ನಿಂದ."

"ನಾನು ಫೋನ್ ಮಾಡಿದಾಗೆಲ್ಲ ಅವಳು ಮೀನಿನ ಹತ್ರ ಇದಾಳೆ, ಆರಾಮಾಗಿದಾಳೆ ಅಂತಿದ್ಯಲ್ಲ."

"ಅಂತಿದ್ದೆ."

"ನಾನು ಅಲ್ಲಿ ರಾತ್ರಿ ಅದನ್ನ ನೆನೆಸ್ಕೊಂಡೇ ನಿದ್ದೆ ಮಾಡ್ತಿದ್ದೆ." ರೆನಾಟಾ ಮಗುವಿನ ಬೋಳುತಲೆಯ ಮೇಲೆ ಕೈ ಇಟ್ಟಳು. "ಮತ್ತೆ ಅವಳು ಮಾತು ಕಮ್ಮಿ ಮಾಡಿದಾಳೆ ಅಮ್ಮ. ನೀನೂ ನೋಡಿದೀಯ. ನೋಡಿಲ್ಲ ಅನ್ಬೇಡ."

ನೆರಿನಾ ನೋಡಿಲ್ಲ ಅನ್ನಲಿಲ್ಲ.

ತೊಟ್ಟಿಯ ಮೀನುಗಳನ್ನು ತಿನ್ನುವಂತಿರಲಿಲ್ಲ, ಯಾರಿಗೂ ಕೊಡುವಂತಿರಲಿಲ್ಲ, ಕೊಲ್ಲಿಗೆ ಬಿಡುವಂತಿರಲಿಲ್ಲ. ಕೋಸಿಮೊ ಅವನ್ನು ಐಸಿನಲ್ಲಿ ಹಾಕಿ ಕೊಂದು ವಿಷದ ಕಸದ ಡಬ್ಬಿಗೆ ತುಂಬಿದ. ಸೊಪ್ಪನ್ನೂ ಬೇರು ಸಮೇತ ಅದಕ್ಕೇ ತುರುಕಿದ. ಮೀನೆಲ್ಲಿ ಎಂದು ಟಿಲ್ಲಿ ಬಾಯಿಬಿಟ್ಟು ಕೇಳಲಿಲ್ಲ. ಖಾಲಿ ತೊಟ್ಟಿಯ ಅಂಚು ಹಿಡಿದು ಬೆರಳು ತೋರಿಸಿದಳು, ಅಷ್ಟೇ. ಹಿಂದೆ ಅವಳಿಗೆ ಮೀನು ಎಂಬ ಮಾತು ಬರುತ್ತಿತ್ತು.

ಸೀಸ ತಗ್ಗಿಸುವ ಯೋಜನೆಯ ಅಧಿಕಾರಿ ಹೇಡನ್ ಎಂಬವನು ಬಂದ. ಇಸ್ತ್ರಿ ಮಾಡಿದ ಅಂಗಿ, ಬೂಟಿಗೆ ಪ್ಲಾಸ್ಟಿಕ್ ಚೀಲ. ಕೆಸರನ್ನು ಸೀಸೆಗೆ ತುಂಬಿಕೊಂಡ. ಅವನ ಮುಖದಲ್ಲಿ ಎಂಥದೋ ನೆಮ್ಮದಿ ಇತ್ತು.

"ಒಂದು ಥರಾ ಒಳ್ಳೇದಾಯ್ತು ಬಿಡಿ, ಮೂಲ ಸಿಕ್ತಲ್ಲ. ಇದು ಮನೆಯೊಳಗಿನ ಸಮಸ್ಯೆ. ಮನೆಯವರ ರೂಢಿಯಿಂದ ಆಗಿದ್ದು. ಹೊರಗಿಂದಲ್ಲ."

"ಮನೆಯೊಳಗಿಂದು," ಎಂದಳು ನೆರಿನಾ.

"ಹೌದು."

"ನಮ್ಮ ಸೂರಿನ ಮೇಲೆ ಸೀಸದ ಗಿಡ ನೆಟ್ಟಿದ್ವಾ ನಾವು?"

"ಹಾಗಲ್ಲ, ಟ್ಯಾಂಕಿನ ನೀರು ಬಳಸ್ಬೇಡಿ ಅಂತ ನಮ್ಮ ಸೂಚನೆ ಇತ್ತಲ್ಲ..."

"ಇತ್ತು. ಉಸಿರಾಡ್ಬೇಡಿ ಅಂತಾನೂ ಒಂದು ಸೂಚನೆ ಹಾಕ್ಸಿ. ಆಮೇಲೆ ಉಸಿರಾಡಿದ್ದೂ ನಮ್ಮ ರೂಢಿ ಆಗುತ್ತೆ."

ಕೋಸಿಮೊ ಅವನಿಗೆ ಬಾಗಿಲು ತೆರೆದು ಹಿಡಿದ. "ನಿಮ್ಮ ಬೂಟಿನ ಚೀಲ ಇಲ್ಲೇ ಬಿಚ್ಚಿ ಸ್ವಾಮಿ. ನಮ್ಮ ದೂಳು ನಿಮ್ಮ ಕಾರೊಳಗೆ ಹೋಗೋದು ಬೇಡ."

ರೆನಾಟಾ ಗಣಿಯ ಕೆಲಸ ಬಿಟ್ಟು ಊರಲ್ಲೇ ಉಳಿದಳು. ಮುಂದಿನ ಪರೀಕ್ಷೆಗೆ ಅಜ್ಜಿ, ತಾಯಿ, ಮಗು ಮೂವರೂ ಹೋದರು. ಟಿಲ್ಲಿ ಬೆರಳನ್ನು ತಾನೇ ಮುಂದೆ ಚಾಚಿದಳು, ಅಳಲಿಲ್ಲ. ಎರಡೂವರೆ ವರ್ಷದ ಮಗು ಸೂಜಿಗೆ ಅಳದಿರುವುದನ್ನು ಕಂಡು ಹೆದರುವುದು ಪೋರ್ಟ್ ಹ್ಯಾಲಮ್‌ನ ಹೆಂಗಸರಿಗೆ ಮಾತ್ರ ಗೊತ್ತು.

"ಹದಿನಾಲ್ಕು," ಎಂದಳು ಬ್ರಾನ್ವಿನ್. "ಇಳೀತಿದೆ ನೆರಿನಾ. ಇಳೀತಿದೆ."

"ರಕ್ತದಿಂದ ಇಳೀತು. ತಲೆಗೆ ಹೋಗಿದ್ದು?"

ಬ್ರಾನ್ವಿನ್ ಬಣ್ಣದ ಪಟ್ಟಿ ಹುಡುಕುತ್ತ ಬೆನ್ನು ತಿರುಗಿಸಿದಳು. ಹೊರಗೆ ಮೋಡ ಕಟ್ಟಿ ನಾಲ್ಕು ಹನಿ ಬಿತ್ತು. ನೆರಿನಾ ತನ್ನ ಮೇಲಂಗಿಯನ್ನು ಬಿಚ್ಚಿ ಮಗುವಿನ ತಲೆಯ ಮೇಲೆ ಹೊದಿಸಿ, ಮಳೆಯ ಒಂದು ಹನಿಯೂ ತಾಕದ ಹಾಗೆ, ಬೆಂಕಿಯಿಂದ ಓಡುವವಳಂತೆ ಕಾರಿನ ಕಡೆ ಓಡಿದಳು.

ಇಷ್ಟು ಓದಿದ ನೀವು ಇಷ್ಟರಲ್ಲೇ ತೀರ್ಪು ಕೊಟ್ಟಿರುತ್ತೀರಿ: ಪಾಪ, ಅಜ್ಜಿ ಎಡವಿದಳು. ಆ ತೀರ್ಪನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕರಗಿಸಿದ ಸೀಸ ಹೋಗುವುದು ಬ್ಯಾಟರಿಗೆ, ಮತ್ತು ನಿಮ್ಮ ಮನೆಯ ಮೆಟ್ಟಿಲ ಕೆಳಗೂ ಇನ್ವರ್ಟರಿನದೊಂದು ಬ್ಯಾಟರಿ ಕೂತಿದೆ. ಅದು ಸತ್ತ ದಿನ ಅಂಗಡಿಯವನು ಹಳೆಯದನ್ನು ಎತ್ತಿಕೊಂಡು ಹೋಗಲು ಬರುತ್ತಾನೆ. ಕೊಡಬೇಡಿ. ಇದನ್ನು ಯಾವ ಬೀದಿಯಲ್ಲಿ ಒಡೆದು ಕರಗಿಸುತ್ತಾರೆ ಎಂದು ಕೇಳಿ, ಅವನು ಹೇಳುವವರೆಗೆ ಬಾಗಿಲಿಗೆ ಅಡ್ಡ ನಿಲ್ಲಿ. ಹೇಳಿದ ಮೇಲೆ ಆ ಬೀದಿಗೆ ಹೋಗಿ. ಅಲ್ಲಿ ಆಡುತ್ತಿರುವ ಒಂದು ಮಗುವಿನ ತಾಯಿಯನ್ನು ಕಂಡು, ನಿಮ್ಮ ಖರ್ಚಿನಲ್ಲಿ ಆ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಎಷ್ಟು ಬಂತು ಎಂದು ಆ ತಾಯಿಯ ಮುಂದೆ ನಿಂತು, ಅವಳ ಮುಖ ನೋಡಿಕೊಂಡು, ನೀವೇ ಓದಿ ಹೇಳಿ.